ಗ್ರೇಡ್ ಎರಡು, ಸ್ಟೇಜ್ ಮೂರು

ಪಿತ್ತಕೋಶದಲ್ಲಿ ಕಲ್ಲಿದೆ, ತೆಗೆಸಿಬಿಡಿ ಎಂದು ಮಂಡ್ಯದ ಸರ್ಜನ್ ಹೇಳಿದಾಗ ನಾನು ಯೋಚಿಸಿದ್ದು ರಜೆಯ ಬಗ್ಗೆ. ಮಂಡ್ಯದ ಹತ್ತಿರದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನ ಬೀಜ ಪರೀಕ್ಷೆಯ ವಿಭಾಗದಲ್ಲಿ ನನ್ನ ಕೆಲಸ. ಮುಂಗಾರಿಗೆ ಮುಂಚೆ ಅಲ್ಲಿ ತಲೆ ಎತ್ತಲು ಪುರುಸೊತ್ತು ಇರುವುದಿಲ್ಲ. ಭತ್ತದ ಮೂಟೆ, ರಾಗಿ ಮೂಟೆಗಳಿಂದ ತೆಗೆದ ಸ್ಯಾಂಪಲ್‌ಗಳು ಬರುತ್ತಲೇ ಇರುತ್ತವೆ, ನಾವು ಮೊಳಕೆ ಎಣಿಸುತ್ತಲೇ ಇರುತ್ತೇವೆ. ಆ ಗಲಾಟೆ ಮುಗಿಯಲಿ, ಆಮೇಲೆ ಆಪರೇಷನ್ ಎಂದುಕೊಂಡು, ಮುಂಚಿತವಾಗಿ ಮಾಡಿಸಬೇಕಾದ ರಕ್ತ ಪರೀಕ್ಷೆಗಳಿಗೆ ಮಾತ್ರ ರಕ್ತ ಕೊಟ್ಟು ಮದ್ದೂರಿನ ಮನೆಗೆ ಬಂದೆ.

ಆ ವಾರದಲ್ಲೇ ಆಸ್ಪತ್ರೆಯಿಂದ ಫೋನ್ ಬಂತು. ಆಪರೇಷನ್ ಸದ್ಯಕ್ಕೆ ಬೇಡ, ಮೊದಲು ಲಿವರ್ ಡಾಕ್ಟರನ್ನು ನೋಡಿ ಎಂದರು. ನನ್ನ ರಕ್ತದಲ್ಲಿ ಹೆಪಟೈಟಿಸ್ ಸಿ ಎಂಬ ವೈರಸ್ ಇದೆಯಂತೆ. ನನಗೆ ಯಾವತ್ತೂ ಕಾಮಾಲೆ ಆಗಿರಲಿಲ್ಲ. ಊಟ ಚೆನ್ನಾಗಿ ಸೇರುತ್ತಿತ್ತು. ಸಂಜೆ ಹೊತ್ತು ಸುಸ್ತಾಗುತ್ತಿತ್ತು, ನಿಜ. ಆದರೆ ದಿನಾ ಮದ್ದೂರಿನಿಂದ ಫಾರಂಗೆ ಹೋಗಿ ಬಂದು, ಮನೆಯಲ್ಲಿ ಒಲೆಯ ಮುಂದೆ ನಿಲ್ಲುವ ಹೆಂಗಸಿಗೆ ಸುಸ್ತಾದರೆ ಅದನ್ನು ಯಾರು ಕಾಯಿಲೆ ಎನ್ನುತ್ತಾರೆ?

ಲಿವರ್ ಡಾಕ್ಟರು ಮೈಸೂರಿನ ಹೆಣ್ಣುಮಗಳು. ವಾರಕ್ಕೊಂದು ದಿನ, ಗುರುವಾರ, ಮಂಡ್ಯದ ಒಂದು ಕ್ಲಿನಿಕ್ಕಿಗೆ ಬರುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ರಿಪೋರ್ಟ್ ನೋಡಿದವರೇ, "ಯಾವತ್ತಾದರೂ ರಕ್ತ ಹಾಕಿಸಿಕೊಂಡಿದ್ರಾ?" ಎಂದು ಕೇಳಿದರು.

"ಮೊದಲನೇ ಹೆರಿಗೆಲಿ ಹಾಕಿದ್ರು. ಮೂವತ್ತು ವರ್ಷದ ಮೇಲಾಯ್ತು."

"ಆಗ ಈ ವೈರಸ್ಸಿಗೆ ರಕ್ತ ಪರೀಕ್ಷೆ ಮಾಡೋ ಪದ್ಧತಿ ಇರಲಿಲ್ಲ. ಅಲ್ಲಿಂದ ಬಂದಿರಬಹುದು" ಎಂದು ಬರೆದುಕೊಂಡರು. ಯಾರ ರಕ್ತ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಆ ರಕ್ತ ನನ್ನ ಅತ್ತೆಯದು. ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ. ಮಗಳು ಹುಟ್ಟಿದ ಮೇಲೆ ನನಗೆ ರಕ್ತ ಹೋಗುವುದು ನಿಲ್ಲಲೇ ಇಲ್ಲವಂತೆ. ಆಸ್ಪತ್ರೆಯಲ್ಲಿ ನನಗೆ ಹೊಂದುವ ರಕ್ತ ಒಂದೇ ಬಾಟಲಿ ಇತ್ತು, ಇನ್ನೊಂದು ಬೇಕಿತ್ತು. ಗಂಡನ ಗುಂಪು ಸೇರಲಿಲ್ಲ. ಜೊತೆಗೆ ಬಂದಿದ್ದ ಗಂಡಸರು, ರಕ್ತ ಕೊಟ್ಟರೆ ಗದ್ದೆ ಕೆಲಸಕ್ಕೆ ಶಕ್ತಿ ಇರುವುದಿಲ್ಲ ಎಂದು ಒಬ್ಬೊಬ್ಬರಾಗಿ ಟೀ ಅಂಗಡಿ ಕಡೆ ಜಾರಿಕೊಂಡರು. ಆಗ ಅತ್ತೆ ಸೆರಗು ಸಿಕ್ಕಿಸಿಕೊಂಡು, ಬಳೆ ಮೇಲಕ್ಕೆ ಸರಿಸಿ ಕೈ ಚಾಚಿದರಂತೆ. "ತಕಳಿ ಡಾಕ್ಟ್ರೆ, ನಂದು ತಕಳಿ. ಈ ಗಂಡಸ್ರು ಮನಸ್ ಮಾಡೋ ಒತ್ಗೆ ಆ ಉಡ್ಗಿ ಓಗ್ಬುಡ್ತಾಳೆ." ಗುಂಪು ಸರಿಹೋಯಿತು. ನಾನು ಉಳಿದೆ.

ಅವತ್ತಿನಿಂದ ನನ್ನ ಮೇಲೆ ಅವರಿಗೆ ಒಂದು ಹಕ್ಕು ಬಂತು. ನಾನು ಕೋಪ ಮಾಡಿಕೊಂಡರೆ, "ನನ್ ರಕ್ತ ಕಣಮ್ಮಿ ನಿನ್ ಮೈಲಿ ಅರೀತಿರೋದು, ಅದ್ಕೇ ನಿಂಗೆ ಇಷ್ಟೊಂದ್ ಕ್ವಾಪ" ಎನ್ನುತ್ತಿದ್ದರು. ನೆಂಟರಿಷ್ಟರ ಮುಂದೆಯೂ ಹೇಳುತ್ತಿದ್ದರು. ಸೊಸೆಗೆ ರಕ್ತ ಕೊಟ್ಟ ಅತ್ತೆ ಎಂದು ಅವರಿಗೆ ಹೆಸರಿತ್ತು. ಎಪ್ಪತ್ತೈದು ದಾಟಿದ ಆ ಹೆಂಗಸಿಗೆ ಹೋಗಿ, ನೀವು ಕೊಟ್ಟ ರಕ್ತದಲ್ಲಿ ಕಾಯಿಲೆ ಇತ್ತಂತೆ ಎಂದು ಹೇಳುವುದು ಹೇಗೆ? ನಾನು ಗಂಡನಿಗೂ ಹೇಳಲಿಲ್ಲ. ಲಿವರಿನಲ್ಲಿ ಏನೋ ವೈರಸ್ ಇದೆಯಂತೆ, ಮಾತ್ರೆ ಕೊಡುತ್ತಾರಂತೆ ಎಂದಷ್ಟೇ ಹೇಳಿದೆ.

"ವಾರಕ್ಕೊಂದ್ಸಲ ಕುಡಿಯೋನು ನಾನು. ಲಿವರ್ ಕೆಟ್ಟಿದ್ದು ನಿಂಗಾ?" ಎಂದು ಅವರು ಆಶ್ಚರ್ಯಪಟ್ಟರು. ಮದ್ದೂರಿನಲ್ಲಿ ಅವರದು ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಅಂಗಡಿ. ಮಗನೂ ಅಲ್ಲೇ ಜೊತೆಗಿದ್ದಾನೆ. ಗಂಡ ಮಾತು ಕಡಿಮೆ, ಆದರೆ ಆ ಭಾನುವಾರದಿಂದ ಬಾಟಲಿ ತರುವುದನ್ನು ನಿಲ್ಲಿಸಿದರು.

ಮಾತ್ರೆಗೆ ಮುಂಚೆ ಲಿವರ್ ಎಷ್ಟು ಕೆಟ್ಟಿದೆ ಎಂದು ತಿಳಿಯಬೇಕಿತ್ತು. ಈಗೀಗ ಹೆಚ್ಚಿನವರಿಗೆ ಚರ್ಮದ ಮೇಲಿನಿಂದಲೇ ಲಿವರಿನ ಗಡಸುತನ ಅಳೆಯುವ ಸ್ಕ್ಯಾನ್ ಸಾಕಾಗುತ್ತದಂತೆ. ನನ್ನ ವಿಷಯದಲ್ಲಿ ಸ್ಕ್ಯಾನು ಒಂದು ಹೇಳಿತು, ರಕ್ತ ಪರೀಕ್ಷೆ ಇನ್ನೊಂದು ಹೇಳಿತು. ನಿಮ್ಮ ಮೈಯಲ್ಲಿ ಕೊಬ್ಬೂ ಇದೆ, ಅದರಿಂದ ಸ್ಕ್ಯಾನಿಗೆ ಗೊಂದಲ ಆಗಿರಬಹುದು, ಲಿವರಿನ ಒಂದು ತುಣುಕು ತೆಗೆದು ನೋಡಿಬಿಡೋಣ ಎಂದರು ಡಾಕ್ಟರು. ಅದಕ್ಕೆ ಬಯಾಪ್ಸಿ ಎನ್ನುತ್ತಾರಂತೆ. ನಮ್ಮ ಕಡೆ ಬಯಾಪ್ಸಿ ಎಂಬ ಮಾತು ಕೇಳಿಬರುವುದು ಒಂದೇ ಕಾಯಿಲೆಗೆ.

ಬಯಾಪ್ಸಿಯನ್ನು ಮೈಸೂರಿನ ಆಸ್ಪತ್ರೆಯಲ್ಲಿ ಮಾಡಿದರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋದೆವು. ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತದೆಯೇ ಎಂದು ಮೊದಲೇ ನೋಡಿದ್ದರು. ಅಂಗಾತ ಮಲಗಿಸಿ, ಬಲಗೈಯನ್ನು ತಲೆಯ ಕೆಳಗೆ ಇಡಿಸಿ, ಸ್ಕ್ಯಾನ್ ಮಾಡುತ್ತಾ ಪಕ್ಕೆಲುಬಿನ ನಡುವೆ ಪೆನ್ನಿನಲ್ಲಿ ಗುರುತು ಹಾಕಿದರು. ಮರಗಟ್ಟುವ ಇಂಜೆಕ್ಷನ್ ಉರಿಯಿತು. ಆಮೇಲೆ ಏನೂ ಗೊತ್ತಾಗಲಿಲ್ಲ. "ಉಸಿರು ಪೂರ್ತಿ ಬಿಡಿ. ಹಾಗೇ ಹಿಡೀರಿ" ಎಂದರು. ಚಟ್ ಎಂದು ಒಂದು ಸದ್ದು. ಯಾರೋ ಒಳಗಿನಿಂದ ಗುದ್ದಿದ ಹಾಗಾಯಿತು. "ಆಯ್ತು, ಉಸಿರಾಡಿ" ಎಂದರು.

ನೋವು ಬಂದದ್ದು ಬಲಗಡೆಯ ಭುಜದಲ್ಲಿ. ಚುಚ್ಚಿದ್ದು ಪಕ್ಕೆಗೆ, ನೋಯುವುದು ಭುಜ. ಗಾಬರಿಯಾಗಿ ನರ್ಸಮ್ಮನನ್ನು ಕರೆದೆ. ಕೆಲವರಿಗೆ ಹಾಗಾಗುತ್ತೆ, ಲಿವರಿನ ಸುತ್ತಲ ನರ ಭುಜಕ್ಕೂ ನೋವು ಕಳಿಸುತ್ತೆ ಎಂದರು. ತೆಗೆದ ತುಣುಕನ್ನು ಒಂದು ಪುಟ್ಟ ಬಾಟಲಿಯಲ್ಲಿ ಹಾಕಿದ್ದರು. ತೋರಿಸಿ ಎಂದು ಕೇಳಿದೆ. ನೀರಿನಲ್ಲಿ ಬಿದ್ದ ಕಂದು ಬಣ್ಣದ ದಾರದ ಚೂರಿನ ಹಾಗಿತ್ತು. ಬಲಮಗ್ಗುಲಿಗೆ ಮಲಗಿಸಿ, ಮಧ್ಯಾಹ್ನದವರೆಗೂ ಏಳಬೇಡಿ ಎಂದರು. ಪಕ್ಕದಲ್ಲಿ ಕೂತ ಗಂಡ ಆಗಾಗ, "ನೀರ್ ಬೇಕಾ?" ಎನ್ನುತ್ತಿದ್ದರು. ಕುಡಿಯಲು ಕೊಡಬಾರದು ಎಂದು ನರ್ಸಮ್ಮ ಹೇಳಿದ್ದರೂ ಮತ್ತೆ ಅದನ್ನೇ ಕೇಳುತ್ತಿದ್ದರು. ಸಂಜೆ ಮನೆಗೆ ಕಳಿಸಿದರು.

ರಿಪೋರ್ಟ್ ತರಲು ಹೋದವರು ಗಂಡ. ಡಾಕ್ಟರನ್ನು ನೋಡುವ ಗುರುವಾರಕ್ಕೆ ಇನ್ನೂ ದಿನಗಳಿದ್ದವು. ವಾಪಸ್ ಬರುವಾಗ ಬಸ್ಸಿನಲ್ಲಿ ಕವರ್ ಬಿಡಿಸಿ ನೋಡಿದ್ದಾರೆ. ಇಂಗ್ಲಿಷಿನ ಉದ್ದುದ್ದ ವಾಕ್ಯಗಳು ಅರ್ಥವಾಗಲಿಲ್ಲ. ಕೊನೆಯ ಸಾಲಿನಲ್ಲಿ ಮಾತ್ರ ಸ್ಟೇಜ್ ಮೂರು ಎಂದಿತ್ತು. ಅವರು ಮನೆಗೆ ಬಂದು, ಕವರನ್ನು ಟೀವಿಯ ಪಕ್ಕ ಇಟ್ಟು, ಅಂಗಡಿಗೆ ಹೋಗುತ್ತೇನೆ ಎಂದು ಹೊರಟರು. ಅಂಗಡಿಗೆ ಹೋಗಿ ತಮ್ಮ ತಂಗಿಗೆ ಫೋನ್ ಮಾಡಿ ಅತ್ತರಂತೆ. ಇದನ್ನು ಆಮೇಲೆ ನನ್ನ ನಾದಿನಿಯೇ ಹೇಳಿದಳು. ಅವಳನ್ನು ಕೊಟ್ಟಿರುವುದು ಮಳವಳ್ಳಿ ತಾಲ್ಲೂಕಿನಲ್ಲಿ, ಬಂಡೂರಿನ ಹತ್ತಿರದ ಒಂದು ಹಳ್ಳಿಗೆ. ಅವಳ ಮನೆಯಲ್ಲಿ ಹೇಳಿದ್ದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ.

ಮಾರನೆಯ ದಿನದಿಂದ ಜನ ಬರತೊಡಗಿದರು. ಕಿತ್ತಳೆ, ಮೂಸಂಬಿ, ಬ್ರೆಡ್ಡು. ಬಂದವರೆಲ್ಲ ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡುತ್ತಿದ್ದರು. ಎಷ್ಟೋ ವರ್ಷದಿಂದ ಮಾತು ಬಿಟ್ಟಿದ್ದ ಓರಗಿತ್ತಿ ಬಂದು ನನ್ನ ಕೈ ಹಿಡಿದು ಕೂತಳು. ನಾದಿನಿಯ ಗಂಡ ಬಂಡೂರು ಕುರಿಯ ಮಾಂಸ ತಂದರು. "ತಿನ್ನವ್ವ, ಬಾಯಿಗೆ ರುಚಿ ಇರೋವಾಗ್ಲೇ ತಿಂದ್ಬುಡು" ಎಂದರು. ಆ ಮಾತು ನನಗೆ ವಿಚಿತ್ರವಾಗಿ ಕೇಳಿಸಿತು. ಮುತ್ತತ್ತಿಗೆ ಹೋಗಿ ಆಂಜನೇಯನಿಗೆ ಹರಕೆ ಹೊತ್ತು ಬಂದಿದ್ದೇನೆ ಎಂದು ನಾದಿನಿ ಪ್ರಸಾದ ಕೊಟ್ಟಳು. ಯಾಕೆ ಇಷ್ಟೆಲ್ಲ ಎಂದರೆ ಯಾರೂ ಹೇಳುವುದಿಲ್ಲ.

ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಅತ್ತೆ. ಸಾರಿಗೆ ಉಪ್ಪು ಕಡಿಮೆಯಾದರೆ, "ಉಪ್ಪಿಗೂ ಬರ ಬಂದದಾ ನಮ್ಮನೇಲಿ?" ಎಂದು ಬೀದಿಗೆ ಕೇಳಿಸುವ ಹಾಗೆ ಕೇಳುವವರು, ನಾನು ಉಪ್ಪೇ ಹಾಕದೆ ಮರೆತ ಸೊಪ್ಪಿನ ಸಾರನ್ನು ಮಾತಿಲ್ಲದೆ ಉಂಡು, "ಚಂದಾಗದೆ ಕಣಮ್ಮಿ" ಎಂದರು. ಆಗ ನನಗೆ ಗ್ಯಾರಂಟಿಯಾಯಿತು. ಏನೋ ದೊಡ್ಡದೇ ಆಗಿದೆ, ನನಗೊಬ್ಬಳಿಗೆ ಹೇಳುತ್ತಿಲ್ಲ.

ಗಂಡನನ್ನು ಕೂರಿಸಿಕೊಂಡು ಕೇಳಿದೆ. ಅವರು ನೆಲ ನೋಡುತ್ತಾ, "ಮೂರ್ನೇ ಸ್ಟೇಜಂತೆ" ಎಂದರು. ಹೋದ ವರ್ಷ ಅವರ ಗೆಳೆಯರೊಬ್ಬರು ಮೂರನೇ ಸ್ಟೇಜ್ ಕ್ಯಾನ್ಸರ್ ಎಂದು ಗೊತ್ತಾದ ಕೆಲವೇ ತಿಂಗಳಲ್ಲಿ ತೀರಿಕೊಂಡಿದ್ದರು. ಸ್ಟೇಜ್ ಎಂದರೆ ಅವರಿಗೆ ಅದೇ.

ನಾನು ಟೀವಿಯ ಪಕ್ಕದಿಂದ ಕವರ್ ತೆಗೆದು ಓದಿದೆ. ಪರೀಕ್ಷೆಯ ವರದಿ ಓದುವುದು ನನಗೆ ಹೊಸತಲ್ಲ. ವರದಿಯ ಕೊನೆಯ ಸಂಖ್ಯೆ ನೋಡಿ ಹಾರಾಡಬಾರದು, ಯಾವುದನ್ನು ಹೇಗೆ ಅಳೆದಿದ್ದಾರೆ ಎಂದು ಮೊದಲು ನೋಡಬೇಕು ಎಂದು ರೈತರಿಗೆ ನಾವೇ ಹೇಳುತ್ತೇವೆ. ಆದರೆ ಇದು ನನ್ನದೇ ಲಿವರ್. ಅಕ್ಷರಗಳು ನಿಲ್ಲಲಿಲ್ಲ. ತುಣುಕಿನ ಉದ್ದ ಬರೆದಿದ್ದರು. ಉರಿಯೂತ ಎಂಬರ್ಥದ ಮಾತಿತ್ತು. ಸೇತುವೆ ಎಂಬರ್ಥದ ಒಂದು ಪದ ಇತ್ತು; ಲಿವರಿನಲ್ಲಿ ಸೇತುವೆ ಎಲ್ಲಿಂದ ಬಂತು ಎಂದು ತಿಳಿಯಲಿಲ್ಲ. ಗ್ರೇಡ್ ಎರಡು, ಸ್ಟೇಜ್ ಮೂರು. ಎರಡರಲ್ಲಿ ಯಾವುದು ನನ್ನ ಹಣೆಬರಹ ಎಂದೂ ತಿಳಿಯಲಿಲ್ಲ. ಕ್ಯಾನ್ಸರ್ ಎಂಬ ಪದ ಮಾತ್ರ ಎಲ್ಲೂ ಇರಲಿಲ್ಲ. ಅಷ್ಟನ್ನು ಗಂಡನಿಗೆ ಹೇಳಿದೆ. "ಸ್ಟೇಜ್ ಅಂತ ಅದೆಯಲ್ಲ" ಎಂದರು ಅವರು.

ಗುರುವಾರ ಅತ್ತೆ ನಾನೂ ಬರುತ್ತೇನೆ ಎಂದು ಹಟ ಹಿಡಿದರು. ಬೇಡ ಎಂದು ನಾನು ಹೇಳಿದಷ್ಟೂ ಅವರಿಗೆ ಅನುಮಾನ ಜಾಸ್ತಿಯಾಯಿತು. ಮೂವರೂ ಬಸ್ಸು ಹತ್ತಿ ಮಂಡ್ಯಕ್ಕೆ ಹೋದೆವು. ಒಳಗೆ ಕರೆದಾಗ ನಾವು ಕೂರುವ ಮುಂಚೆಯೇ ಅತ್ತೆ ಶುರುಮಾಡಿದರು.

"ಡಾಕ್ಟ್ರವ್ವ, ಇವಳು ನನ್ ಸೊಸೆ. ಮೂರ್ನೇ ಸ್ಟೇಜು ಅಂದ್ರೆ ಇನ್ನೆಷ್ಟ್ ದಿನ ಅಂತ ಯೋಳ್ಬುಡಿ. ನಾವು ತಡ್ಕತೀವಿ."

ಡಾಕ್ಟರು ನನ್ನ ಮುಖ ನೋಡಿದರು, ಗಂಡನ ಮುಖ ನೋಡಿದರು. "ಅಜ್ಜಿ, ಕೂತ್ಕೊಳ್ಳಿ. ಇದು ಕ್ಯಾನ್ಸರ್ ಅಲ್ಲ. ಕ್ಯಾನ್ಸರಿನ ಸ್ಟೇಜೇ ಬೇರೆ, ಇದೇ ಬೇರೆ" ಎಂದರು. ಗಂಡ ಮೇಜಿನ ಅಂಚನ್ನು ಹಿಡಿದುಕೊಂಡರು. ಡಾಕ್ಟರು ಒಂದು ಹಾಳೆ ತೆಗೆದುಕೊಂಡು ಚಿತ್ರ ಬರೆಯುತ್ತಾ ಅತ್ತೆಗೇ ಹೇಳತೊಡಗಿದರು.

"ಇಲ್ಲಿ ಎರಡು ಸಂಖ್ಯೆ ಇದೆ. ಗ್ರೇಡ್ ಅಂದ್ರೆ ಈಗ ಒಳಗೆ ಎಷ್ಟು ಉರಿ ಇದೆ ಅಂತ. ಸ್ಟೇಜ್ ಅಂದ್ರೆ ಇಷ್ಟು ವರ್ಷದ ಉರಿಯಿಂದ ಎಷ್ಟು ಕಲೆ ಉಳಿದಿದೆ ಅಂತ. ಕೈ ಸುಟ್ಕೊಂಡಾಗ ಉರಿಯೋದು ಬೇರೆ, ಆಮೇಲೆ ಉಳಿಯೋ ಕಲೆ ಬೇರೆ, ಅಲ್ವಾ?"

ಅತ್ತೆ ತಮ್ಮ ಮುಂಗೈ ಮೇಲಿದ್ದ ಹಳೆಯ ಸುಟ್ಟ ಕಲೆಯನ್ನು ನೋಡಿಕೊಂಡು, "ಊಂ" ಎಂದರು.

"ಉರಿಯನ್ನ ಮೂರರವರೆಗೆ ಅಳೀತಾರೆ. ಇವರದು ಎರಡು, ಮಧ್ಯಮ. ಕಲೆಯನ್ನ ಸೊನ್ನೆಯಿಂದ ನಾಲ್ಕರವರೆಗೆ ಅಳೀತಾರೆ. ಸೊನ್ನೆ ಅಂದ್ರೆ ಕಲೆ ಇಲ್ಲ. ಒಂದು, ಎರಡು ಅಂದ್ರೆ ಅಲ್ಲಲ್ಲಿ ಸ್ವಲ್ಪ. ಮೂರು ಅಂದ್ರೆ ಇಲ್ಲಿನ ಕಲೆ ಹೋಗಿ ಅಲ್ಲಿನ ಕಲೆಗೆ ಸೇರ್ಕೊಂಡಿದೆ, ಸೇತುವೆ ಕಟ್ಟಿದ ಹಾಗೆ. ನಾಲ್ಕು ಅಂದ್ರೆ ಇಡೀ ಲಿವರ್ ಗಂಟುಗಂಟಾಗಿ ಗಟ್ಟಿಯಾಗಿದೆ. ಇವರು ನಾಲ್ಕಕ್ಕೆ ಹೋಗಿಲ್ಲ. ಮಾತ್ರೆ ಕೊಟ್ಟರೆ ವೈರಸ್ ಹೋಗುತ್ತೆ, ಉರಿ ಆರುತ್ತೆ. ಕಲೆ ಮಾತ್ರ ಕೂಡಲೇ ಹೋಗಲ್ಲ. ನಿಧಾನವಾಗಿ ಸ್ವಲ್ಪ ಕಡಿಮೆ ಆಗಬಹುದು."

ನನಗೆ ಧೈರ್ಯ ಬಂದು ಒಂದು ಪ್ರಶ್ನೆ ಕೇಳಿದೆ. "ಮೇಡಂ, ನಾವು ಬೀಜದ ಮೂಟೆಗೆ ಹಲವು ಕಡೆ ಚುಚ್ಚಿ ಸ್ಯಾಂಪಲ್ ತೆಗೀತೀವಿ. ನೀವು ದಾರದಷ್ಟು ತುಣುಕು ಒಂದೇ ಕಡೆಯಿಂದ ತೆಗೆದು ಇಡೀ ಲಿವರ್ ಹೀಗೇ ಇದೆ ಅಂತ ಹೇಗೆ ಹೇಳ್ತೀರಾ?"

"ಪೂರ್ತಿ ಹೇಳೋಕಾಗಲ್ಲ" ಎಂದರು ಅವರು. "ಪಕ್ಕದಲ್ಲಿ ತೆಗೆದಿದ್ದರೆ ಎರಡು ಅಂತ ಬರ್ತಿತ್ತೇನೋ, ನಾಲ್ಕು ಅಂತಲೂ ಬರ್ತಿತ್ತೇನೋ. ಅದಕ್ಕೇ ಸ್ಕ್ಯಾನು, ರಕ್ತ ಪರೀಕ್ಷೆ ಎಲ್ಲ ಸೇರಿಸಿ ನೋಡೋದು. ನಿಮ್ಮನ್ನ ನಾನು ನಾಲ್ಕರ ಬಾಗಿಲಲ್ಲಿ ನಿಂತಿದ್ದೀರಿ ಅಂತಲೇ ಇಟ್ಕೊಂಡು ನೋಡ್ಕೋತೀನಿ. ವೈರಸ್ ಹೋದ ಮೇಲೂ ಆರು ತಿಂಗಳಿಗೊಮ್ಮೆ ಸ್ಕ್ಯಾನಿಗೆ ಬರಬೇಕು."

ನಾವು ಎದ್ದಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಅತ್ತೆ ಏಳಲಿಲ್ಲ. "ಅಲ್ಲ ಡಾಕ್ಟ್ರವ್ವ, ಇವಳು ಎಂಡ ಕುಡಿಯಕಿಲ್ಲ, ಎಲೆ ಅಡ್ಕೆನೂ ಆಕಕಿಲ್ಲ. ಇದು ಎಲ್ಲಿಂದ ಬತ್ತು?"

ನಾನು ಅವರ ಸೀರೆ ಎಳೆದೆ. ಡಾಕ್ಟರು ಫೈಲ್ ನೋಡಿಕೊಂಡು, "ಇಷ್ಟು ಕಲೆ ಕಟ್ಟೋಕೆ ಎಷ್ಟೋ ವರ್ಷ ಬೇಕು. ಮೊದಲನೇ ಹೆರಿಗೆಲಿ ರಕ್ತ ಹಾಕಿದ್ರಲ್ಲ, ಅದರಲ್ಲಿ ಬಂದಿರಬಹುದು" ಎಂದುಬಿಟ್ಟರು.

ಅತ್ತೆ ನನ್ನ ಕಡೆ ತಿರುಗಿ ನೋಡಿದರು. ಆಮೇಲೆ, "ಅದು ನನ್ ರಕ್ತ" ಎಂದರು.

ಡಾಕ್ಟರು ಪೆನ್ನು ಕೆಳಗಿಟ್ಟು, ಧ್ವನಿ ತಗ್ಗಿಸಿ ಹೇಳಿದರು: "ನಿಮ್ಮದರಿಂದಲೇ ಅಂತ ನಾನು ಹೇಳಲ್ಲ ಅಜ್ಜಿ. ಆಸ್ಪತ್ರೆಲಿ ಬೇರೆಯವರ ರಕ್ತನೂ ಹಾಕಿರ್ತಾರೆ. ಆಗ ಹಳ್ಳಿಗಳಲ್ಲಿ ಒಂದೇ ಸೂಜಿಲಿ ಊರಿಗೆಲ್ಲ ಇಂಜೆಕ್ಷನ್ ಕೊಡೋರೂ ಇದ್ರು. ಎಲ್ಲಿಂದ ಬಂತು ಅಂತ ಈಗ ಯಾರೂ ಹೇಳೋಕಾಗಲ್ಲ. ಆದ್ರೆ ನೀವೂ ಒಂದ್ಸಲ ಪರೀಕ್ಷೆ ಮಾಡಿಸ್ಕೊಳ್ಳಬೇಕು. ಇದ್ರೆ ನಿಮಗೂ ಔಷಧಿ ಇದೆ."

ಬಸ್ಸಿನಲ್ಲಿ ಅತ್ತೆ ಕಿಟಕಿ ಕಡೆ ಮುಖ ಮಾಡಿ ಕೂತರು. ಮದ್ದೂರು ಬರುವವರೆಗೂ ಒಂದು ಮಾತಿಲ್ಲ. ನನಗೆ ಬದುಕಿಕೊಂಡೆ ಎಂಬ ಸಮಾಧಾನ ಆಗಬೇಕಿದ್ದ ದಿನ ಅದು. ಬೆಳಿಗ್ಗೆ ಹೋಗುವಾಗ ಹೊತ್ತಿದ್ದ ಭಾರ ಇಳಿದಿತ್ತು, ನಿಜ. ಆದರೆ ಪಕ್ಕದಲ್ಲಿ ಕೂತವರನ್ನು ನೋಡಿದರೆ ಅದನ್ನು ಅನುಭವಿಸಲು ಮನಸ್ಸು ಬರಲಿಲ್ಲ.

ಮನೆಗೆ ಬಂದವರು ತಮ್ಮ ತಟ್ಟೆ, ಲೋಟಗಳನ್ನು ಬೇರೆ ಮಾಡಿಕೊಂಡರು. ಮುದ್ದೆ ಬಡಿಸಿಕೊಂಡು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಬ್ಬರೇ ಕೂತು ಉಂಡರು. ಮಗಳು ಚನ್ನಪಟ್ಟಣದಿಂದ ಮಗುವನ್ನು ಕರೆದುಕೊಂಡು ಬಂದಾಗ ಎತ್ತಿಕೊಳ್ಳಲಿಲ್ಲ. ಇದು ಜೊತೆಗೆ ಉಂಡರೆ, ಮಗು ಎತ್ತಿಕೊಂಡರೆ ಬರುವ ಕಾಯಿಲೆ ಅಲ್ಲ, ರಕ್ತಕ್ಕೆ ರಕ್ತ ತಾಗಿದರೆ ಮಾತ್ರ ಎಂದು ನಾನೂ ಮಗಳೂ ಹೇಳಿದೆವು. ಅದು ಅವರ ಕಿವಿಗೇ ಹೋಗಲಿಲ್ಲ.

ಹಿತ್ತಲಿಗೆ ಹೋಗಿ ಪಕ್ಕದಲ್ಲಿ ಕೂತೆ. "ಅತ್ತೆ, ಒಳಗೆ ಬನ್ನಿ."

"ನಿನ್ ಲಿವರ ನಾನೇ ತಿಂದಾಕ್ಬುಟ್ನಲ್ಲಮ್ಮಿ."

"ಅವತ್ತು ನೀವು ಕೊಡದೆ ಇದ್ದಿದ್ರೆ ನಾನೂ ಇರ್ತಿರಲಿಲ್ಲ, ನನ್ನ ಲಿವರ್ರೂ ಇರ್ತಿರಲಿಲ್ಲ. ನಿಮ್ಮ ಮೊಮ್ಮಗಳು ತಾಯಿ ಇಲ್ಲದೆ ಬೆಳೀತಿದ್ಳು."

"ಆ ಟೀ ಕುಡಿಯಕ್ ಓದ್ರಲ್ಲ, ಅವ್ರಲ್ಲಿ ಒಬ್ಬ ಕೊಟ್ಟಿದ್ರೆ ಒಳ್ಳೇ ರಕ್ತ ಬರ್ತಿತ್ತು."

"ಅವರು ಕೊಡಲಿಲ್ಲವಲ್ಲ."

"ಊಂ. ಕೊಡ್ನಿಲ್ಲ" ಎಂದರು. ಆದರೂ ಒಪ್ಪಿಕೊಂಡ ಹಾಗೆ ಕಾಣಲಿಲ್ಲ. ಆ ಮಾತನ್ನು ಅವರು ಇವತ್ತಿಗೂ ಆಗೊಮ್ಮೆ ಈಗೊಮ್ಮೆ ತೆಗೆಯುತ್ತಾರೆ, ನಾನು ಅದೇ ಉತ್ತರ ಹೇಳುತ್ತೇನೆ.

ಪರೀಕ್ಷೆಗೆ ಅವರು ಒಪ್ಪಲಿಲ್ಲ. ಈ ವಯಸ್ಸಿಗೆ ಏನು ನೋಡುವುದು ಎಂದರು. ಒಂದು ಬೆಳಿಗ್ಗೆ ಗಂಡ ಅಂಗಡಿಯನ್ನು ಮಗನಿಗೆ ಬಿಟ್ಟು ಬಂದು, "ಅವ್ವ, ಸೀರೆ ಉಟ್ಕೊ. ಮಂಡ್ಯಕ್ ಓಗ್ಬುಟ್ ಬರಾನ" ಎಂದರು. ಅತ್ತೆ ಎದ್ದು ಸೀರೆ ಉಟ್ಟರು.

ಅವರಲ್ಲೂ ವೈರಸ್ ಇತ್ತು. ಲಿವರ್ ಗಡಸುತನದ ಸ್ಕ್ಯಾನ್ ಮಾಡಿದರು. ಅವರಿಗೆ ಬಯಾಪ್ಸಿ ಬೇಕಾಗಲಿಲ್ಲ, ಎಲ್ಲ ಪರೀಕ್ಷೆಗಳೂ ಒಂದೇ ಮಾತು ಹೇಳಿದವು. ಅವರ ಲಿವರಿನಲ್ಲಿ ಕಲೆ ಇಲ್ಲವೆನ್ನುವಷ್ಟು ಕಡಿಮೆ. ನನಗಿಂತ ಇಪ್ಪತ್ತು ವರ್ಷಕ್ಕೂ ದೊಡ್ಡವರು, ಬಹುಶಃ ನನಗಿಂತ ಮೊದಲೇ ವೈರಸ್ ಹೊತ್ತವರು, ಅವರದು ಒಂದಕ್ಕೂ ಸರಿಯಾಗಿ ಮುಟ್ಟಿಲ್ಲ, ನನ್ನದು ಮೂರು. ಡಾಕ್ಟರು ಅದನ್ನು ಹೇಳಿದ ಗಳಿಗೆ ನನಗೆ ಕೋಪ ಬಂತು. ಯಾರ ಮೇಲೆ ಎಂದು ಗೊತ್ತಿಲ್ಲ. ಅತ್ತೆಯ ಮೇಲಂತೂ ಅಲ್ಲ ಎಂದು ಹೇಳಿಕೊಂಡೆ, ಆದರೆ ಅವರ ಮುಖ ನೋಡಲಾಗದೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ.

"ನಂಗೇನೂ ಆಗ್ನಿಲ್ಲ, ಇವಳ್ಗ್ ಯಾಕಾಯ್ತು?" ಎಂದು ಕೇಳಿದವರೂ ಅತ್ತೆಯೇ.

"ಒಂದೇ ವೈರಸ್ಸು ಎಲ್ಲರ ಮೈಲೂ ಒಂದೇ ತರ ನಡ್ಕೊಳಲ್ಲ ಅಜ್ಜಿ. ಇವರಿಗೆ ಲಿವರಲ್ಲಿ ಕೊಬ್ಬೂ ಸೇರ್ಕೊಂಡಿದೆ. ಅದೂ ಒಂದು ಕಾರಣ. ಪೂರ್ತಿ ಕಾರಣ ನಮಗೂ ಗೊತ್ತಿಲ್ಲ" ಎಂದರು ಡಾಕ್ಟರು. ಗೊತ್ತಿಲ್ಲ ಎಂದು ಅವರು ನೇರವಾಗಿ ಹೇಳಿದ್ದು ನನಗೆ ಹಿಡಿಸಿತು.

ಆ ದಿನ ಅತ್ತೆಗೆ ಒಬ್ಬ ಮನುಷ್ಯ ನೆನಪಾದ. ಅವರು ಚಿಕ್ಕವರಿದ್ದಾಗ ಊರಿಗೆ ಸೈಕಲ್ಲಿನಲ್ಲಿ ಬರುತ್ತಿದ್ದನಂತೆ. ಜ್ವರ ಎಂದರೂ ಸೂಜಿ, ಸುಸ್ತು ಎಂದರೂ ಸೂಜಿ, ಮಕ್ಕಳಾಗಲಿಲ್ಲ ಎಂದರೂ ಸೂಜಿ. ಜಗಲಿಯಲ್ಲಿ ಸಾಲಾಗಿ ಕೂರಿಸಿ ಒಂದೇ ಸೂಜಿಯಲ್ಲಿ ಎಲ್ಲರಿಗೂ ಚುಚ್ಚುತ್ತಿದ್ದ. ಅವನು ಬಂದರೆ ಹಬ್ಬ ಬಂದಷ್ಟು ಜನ ಸೇರುತ್ತಿದ್ದರಂತೆ. ಬಸ್ಸಿನಲ್ಲಿ ಅದನ್ನೆಲ್ಲ ಹೇಳುತ್ತಾ ಹೋದರು. ಮತ್ತೆ ಮಾತು ಶುರುವಾಯಿತಲ್ಲ ಎಂದು ನಾನು ಕೇಳಿಸಿಕೊಂಡೆ.

ಇಬ್ಬರಿಗೂ ಒಂದೇ ಮಾತ್ರೆ. ಮೂರು ತಿಂಗಳು, ದಿನಕ್ಕೊಂದು, ಒಂದು ದಿನವೂ ತಪ್ಪಿಸಬಾರದು. ಬೆಳಗಿನ ತಿಂಡಿಯಾದ ಮೇಲೆ ಅಡುಗೆಮನೆಯಲ್ಲಿ ಎದುರು ಬದುರು ನಿಂತು ನುಂಗುತ್ತಿದ್ದೆವು. ಅವರು ನುಂಗುವವರೆಗೆ ನಾನು ನೋಡುತ್ತಿದ್ದೆ, ನಾನು ನುಂಗುವವರೆಗೆ ಅವರು ನೋಡುತ್ತಿದ್ದರು. ಮೊದಲ ಕೆಲವು ವಾರ ನನಗೆ ತಲೆನೋವು, ಅವರಿಗೆ ನಿದ್ದೆ ಕಡಿಮೆ. ಫಾರಂನಲ್ಲಿ ಮೊಳಕೆ ಎಣಿಸುವಾಗ ಕಣ್ಣು ಮಂಜಾಗಿ ಒಂದೆರಡು ಸಲ ಮತ್ತೆ ಮೊದಲಿನಿಂದ ಎಣಿಸಿದ್ದೂ ಉಂಟು. ಅಷ್ಟರೊಳಗೆ ಅತ್ತೆ ಒಳಗೆ ಬಂದು ಊಟಕ್ಕೆ ಕೂರತೊಡಗಿದ್ದರು. ಮಾತ್ರೆಯಿಂದ ಬಾಯಿ ಕೆಟ್ಟಿದೆ ಎಂದು ನನ್ನ ಸಾರಿನಲ್ಲಿ ಹುಳುಕು ಹುಡುಕುವುದೂ ಶುರುವಾಯಿತು.

ಇದೇ ಸಮಯದಲ್ಲಿ ಮಗಳು, ಮಗ, ಗಂಡ, ನಾದಿನಿ ಎಲ್ಲರೂ ಪರೀಕ್ಷೆ ಮಾಡಿಸಿಕೊಂಡರು. ಯಾರಿಗೂ ಇರಲಿಲ್ಲ. ಮಗಳದು ಬರುವವರೆಗೆ ನಾನು ಸರಿಯಾಗಿ ಉಸಿರಾಡಲಿಲ್ಲ. ರಕ್ತ ಹಾಕಿಸಿಕೊಂಡ ಮೈಯ ಹಾಲನ್ನೇ ಅವಳು ಕುಡಿದದ್ದು. ಎದೆಹಾಲಿನಿಂದ ಇದು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರೂ ಕಾಗದದಲ್ಲಿ ನೋಡುವವರೆಗೆ ನಂಬಿಕೆ ಬರಲಿಲ್ಲ.

ಮಾತ್ರೆ ಮುಗಿದು ಮೂರು ತಿಂಗಳ ಮೇಲೆ ಮತ್ತೆ ರಕ್ತ ಕೊಟ್ಟೆವು. ಇಬ್ಬರಲ್ಲೂ ವೈರಸ್ ಕಾಣಲಿಲ್ಲ. ಇದನ್ನು ಗುಣವಾಗಿದೆ ಎಂದೇ ಹೇಳಬಹುದು ಎಂದರು ಡಾಕ್ಟರು. ಅತ್ತೆಗೆ, ಇನ್ನು ನೀವು ನನ್ನ ಹತ್ತಿರ ಬರಬೇಕಾಗಿಲ್ಲ ಎಂದರು. ನನಗೆ ಮುಂದಿನ ಸ್ಕ್ಯಾನಿನ ತಿಂಗಳು ಬರೆದುಕೊಟ್ಟು, ನಿಂತುಹೋಗಿದ್ದ ಪಿತ್ತಕೋಶದ ಆಪರೇಷನ್ ಇನ್ನು ಮಾಡಿಸಬಹುದು ಎಂದರು.

ಗುಣವಾಯಿತಲ್ಲ, ಇನ್ನೇನು ಎಂದು ಜನ ಕೇಳುತ್ತಾರೆ. ವೈರಸ್ ಹೋಗಿದೆ, ಕಲೆ ಹೋಗಿಲ್ಲ ಎಂದು ವಿವರಿಸುವುದನ್ನು ಬಿಟ್ಟಿದ್ದೇನೆ. ಹೂಂ, ಗುಣವಾಯಿತು ಎನ್ನುತ್ತೇನೆ. ಆರು ತಿಂಗಳಿಗೊಮ್ಮೆ ಸ್ಕ್ಯಾನಿಗೆ ಹೋಗುವ ವಾರ ಮಾತ್ರ ಮನಸ್ಸು ಸರಿಯಿರುವುದಿಲ್ಲ. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಸವರಿ ಅವರು ಪರದೆ ನೋಡುವಾಗ ನಾನು ಅವರ ಹುಬ್ಬು ನೋಡುತ್ತೇನೆ. ಹೊಸ ಗಂಟೇನೂ ಇಲ್ಲ ಎಂದರೆ ಮತ್ತೆ ಆರು ತಿಂಗಳು ಮರೆತಿರುತ್ತೇನೆ. ಇನ್ನೊಂದು ಬಯಾಪ್ಸಿ ಬೇಕಾಗಿಲ್ಲವಂತೆ. ಹೋದ ಸಲ ಗಡಸುತನದ ಸಂಖ್ಯೆ ಸ್ವಲ್ಪ ಇಳಿದಿತ್ತು. ಉರಿ ಆರಿದ್ದಕ್ಕೆ ಇಳಿದಿದೆಯೋ, ಕಲೆಯೇ ಕಡಿಮೆಯಾಗಿದೆಯೋ ಎಂದು ಕೇಳಿದೆ. ಎರಡೂ ಸ್ವಲ್ಪ ಸ್ವಲ್ಪ ಇರಬಹುದು, ಬೀಗಬೇಡಿ ಎಂದರು.

ಈಚೆಗೆ ಅತ್ತೆ ಮಳವಳ್ಳಿ ಕಡೆ ಮಗಳ ಮನೆಗೆ ಹೋಗಿ ಒಂದಷ್ಟು ದಿನ ಇದ್ದರು. ಅಲ್ಲಿ ಸುಮ್ಮನಿರಲಿಲ್ಲ. ಮನೆಮನೆಗೆ ಹೋಗಿ, "ಆ ಕಾಲ್ದಲ್ಲಿ ಸೂಜಿ ಚುಚ್ಚಿಸ್ಕಂಡೋರು, ರಕ್ತ ಆಕಿಸ್ಕಂಡೋರು ಎಲ್ರೂ ಓಗಿ ತೋರಿಸ್ಕಳ್ರಿ. ನಂಗೂ ಇತ್ತು, ವಾಸಿ ಆಯ್ತು" ಎಂದು ಹೇಳಿದ್ದಾರೆ. ಕೆಲವರು ಮುದುಕಿಗೆ ಅರಳುಮರಳು ಎಂದರಂತೆ. ಕೆಲವರು ಮಳವಳ್ಳಿ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟರು. ಅವರಲ್ಲಿ ನಾದಿನಿಯ ಭಾವನಿಗೆ ವೈರಸ್ ಸಿಕ್ಕಿತು. ಅವರಿಗೆ ಶುಗರ್ ಬೇರೆ ಇತ್ತು. ಪರೀಕ್ಷೆಗಳು ತಾಳೆಯಾಗದೆ ಅವರಿಗೂ ತುಣುಕು ತೆಗೆದು ಕಳಿಸಿದ್ದರು. ರಿಪೋರ್ಟ್ ಬಂದ ದಿನ ಮಧ್ಯಾಹ್ನ ನಾನು ಫಾರಂನಲ್ಲಿ ಊಟಕ್ಕೆ ಕೂತಿದ್ದಾಗ ಅತ್ತೆಯ ಫೋನ್ ಬಂತು. ಹಿಂದೆ ಹೆಂಗಸರು ಅಳುವ ಸದ್ದು.

"ಅಮ್ಮಿ, ಇವ್ರುದು ಬಂದದೆ ಕಣೆ. ಗ್ರೇಡು ಮೂರಂತೆ, ಸ್ಟೇಜು ಒಂದಂತೆ. ಎಲ್ರೂ ಮೂರು ಅಂತ ಅಳ್ತಾ ಕುಂತವ್ರೆ. ಯಾವ್ದ ನೋಡ್ಬೇಕು?"

"ಎಷ್ಟಕ್ಕೆ ಮೂರು, ಎಷ್ಟಕ್ಕೆ ಒಂದು ಅಂತ ಬರ್ದಿದಾರಾ ಕೇಳಿ ಅತ್ತೆ. ಕೆಲವು ಕಡೆ ಕಲೆಯನ್ನ ಆರರವರೆಗೂ ಅಳೀತಾರೆ."

ಅವರು ಅಲ್ಲಿ ಯಾರನ್ನೋ ಗದರಿ ಓದಿಸಿದರು. "ಗ್ರೇಡು ಮೂರಕ್ಕೆ ಮೂರು. ಸ್ಟೇಜು ನಾಕಕ್ಕೆ ಒಂದು."

"ಹಾಗಾದ್ರೆ ಉರಿ ಜೋರಾಗಿದೆ, ಕಲೆ ಇನ್ನೂ ಹೆಚ್ಚು ಕಟ್ಟಿಲ್ಲ. ತಡ ಮಾಡದೆ ಮಾತ್ರೆ ಶುರು ಮಾಡಿದ್ರೆ ಒಳ್ಳೇದು ಅನ್ಸುತ್ತೆ. ನಾನು ಹೇಳಿದ್ದೇ ಕೊನೆ ಅಲ್ಲ, ಡಾಕ್ಟರಿಗೆ ತೋರಿಸಲಿ."

ಅತ್ತೆ ಫೋನನ್ನು ಕಿವಿಯಿಂದ ತೆಗೆಯದೆ ಅಲ್ಲಿಯವರಿಗೆ ಕೂಗಿದರು: "ಅಳೋದ್ ನಿಲ್ಸ್ರೆ! ಒಳಗೆ ಉರಿ ಅದೆ ಅಷ್ಟೇಯ, ಕಲೆ ಆಗಿಲ್ವಂತೆ!"

ಗುರುವಾರ ಬೆಳಗಿನ ಬಸ್ಸಿಗೆ ಅವರನ್ನು ಮಳವಳ್ಳಿಯಿಂದ ಹೊರಡಿಸಿಬಿಡಿ, ನಾನು ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತೇನೆ, ರಿಪೋರ್ಟಿನ ಎಲ್ಲ ಹಾಳೆಗಳೂ ಇರಲಿ ಎಂದೆ. ನಾನೂ ಬರುತ್ತೇನೆ ಎಂದರು ಅತ್ತೆ. ಆ ಗುರುವಾರ ಬಸ್ಸಿನಿಂದ ಮೊದಲು ಇಳಿದವರು ಅವರೇ, ಹಿಂದೆ ನಾದಿನಿಯ ಭಾವ. ಮೂವರೂ ಕ್ಲಿನಿಕ್ಕಿನ ಕಡೆ ನಡೆದೆವು.